ಧಾರವಾಡದ ಚಿತ್ರೋತ್ಸವದಲ್ಲಿ ಅಮೆರಿಕದ ಕಪ್ಪು ಜನರ ಸ್ವತಂತ್ರ ಸಿನಿಮಾ: ಪರದೆಗೆ ತರುವ ಬಗೆ

ಎರಡು ದಿನಕ್ಕೆ ನಾಲ್ಕು ಚಿತ್ರ ಸಾಕು. ಆಸ್ಕರ್ ಮಿಶೋ ಅವರ ಮೂಕಿ ‘ವಿದಿನ್ ಅವರ್ ಗೇಟ್ಸ್’ (1920), ಚಾರ್ಲ್ಸ್ ಬರ್ನೆಟ್ ಅವರ ‘ಕಿಲ್ಲರ್ ಆಫ್ ಶೀಪ್’, ಕ್ಯಾಥ್ಲೀನ್ ಕಾಲಿನ್ಸ್ ಅವರ ‘ಲೂಸಿಂಗ್ ಗ್ರೌಂಡ್’ (1982), ಜೂಲಿ ಡ್ಯಾಷ್ ಅವರ ‘ಡಾಟರ್ಸ್ ಆಫ್ ದಿ ಡಸ್ಟ್’ (1991). ಐದನೆಯದನ್ನು ತುರುಕಿದರೆ ಚರ್ಚೆಯೂ ಇಲ್ಲ, ಊಟವೂ ಮೂರು ಗಂಟೆಗೆ.

ಮೊದಲು ಹಕ್ಕು. ಡಿವಿಡಿ ಕೊಂಡವರಿಗೆ ಮನೆಯಲ್ಲಿ ನೋಡುವ ಹಕ್ಕು ಮಾತ್ರ. ಸಭಾಂಗಣಕ್ಕೆ ವಿತರಕರಿಂದ ಸಾರ್ವಜನಿಕ ಪ್ರದರ್ಶನದ ಲಿಖಿತ ಒಪ್ಪಿಗೆ ಬೇಕು. ನಿರ್ದೇಶಕರು ‘ಆಗಲಿ’ ಅಂದರೆ ಮುಗಿಯಲಿಲ್ಲ. ವಿದ್ಯಾರ್ಥಿಯಾಗಿದ್ದಾಗ 16 ಎಂ.ಎಂ.ನಲ್ಲಿ ಬರ್ನೆಟ್ ತೆಗೆದ ಚಿತ್ರ, ಅದರೊಳಗಿನ ಹಾಡುಗಳ ಹಕ್ಕು ಬಗೆಹರಿಯದೆ 2007ರವರೆಗೂ ಚಿತ್ರಮಂದಿರಗಳಲ್ಲಿ ಬಿಡುಗಡೆ ಆಗಿರಲಿಲ್ಲ. ಮಿಶೋ ಚಿತ್ರದ ಕೃತಿಸ್ವಾಮ್ಯ ತೀರಿದೆ, ಆದರೆ ಹೊಸದಾಗಿ ಕೂಡಿಸಿದ ಸಂಗೀತದ್ದು ತೀರಿರುವುದಿಲ್ಲ. ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರಗಳಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಬೇಕು. ಪತ್ರವ್ಯವಹಾರಕ್ಕೆ ಮೂರು ತಿಂಗಳು ಇಟ್ಟುಕೊಳ್ಳಿ.

ಹೆಚ್ಚು ದುಡಿಮೆ ಬೇಡುವುದು ಕನ್ನಡ ಅಡಿಬರಹ (ಸಬ್‌ಟೈಟಲ್). ವಿತರಕರಿಂದ ಸಂಭಾಷಣೆಯ ಪಟ್ಟಿ ತರಿಸಿಕೊಳ್ಳಿ. ಕಿವಿಯಿಂದ ಕೇಳಿ ಬರೆದರೆ ತಪ್ಪು ನುಸುಳುತ್ತದೆ. ಒಂದು ಬಾರಿಗೆ ಎರಡೇ ಸಾಲು, ಸಾಲಿಗೆ 20-22 ಅಕ್ಷರ, ಪರದೆಯ ಮೇಲೆ ಒಂದೂವರೆಯಿಂದ ಆರು ಸೆಕೆಂಡು. 80 ನಿಮಿಷದ ಚಿತ್ರಕ್ಕೆ ಇಬ್ಬರು ಕೂತರೆ ಎರಡು ವಾರ ಹಿಡಿಯುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಬರೀ ಇಂಗ್ಲಿಷ್ ಕಲಸುಮೇಲೋಗರ; ಯುನಿಕೋಡ್‌ಗೆ ಬದಲಿಸಿ, ಯುಟಿಎಫ್-8ರಲ್ಲಿ ಉಳಿಸಿ. ಆಮೇಲೂ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಲ್ಲಬಹುದು, ಹಾಗಾಗಿ ಪ್ರದರ್ಶನದ ಲ್ಯಾಪ್‌ಟಾಪಿನಲ್ಲೇ ‘ರಾಷ್ಟ್ರ’, ‘ಸ್ವಾತಂತ್ರ್ಯ’ ಇರುವ ಸಾಲುಗಳನ್ನು ನೋಡಿಬಿಡಿ. ಚಿತ್ರಮಂದಿರಗಳಲ್ಲಿ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಕಡತ ಓಡಿಸುವ ಸರ್ವರ್‌ಗಳಲ್ಲಿ ಈ ಕಾಟ ಇನ್ನೂ ಹೆಚ್ಚು. ಅಲ್ಲಿ ಅಡಿಬರಹವನ್ನು ಪಿಎನ್‌ಜಿ ಚಿತ್ರಗಳಾಗಿ ಕೊಡುವುದೇ ಸುರಕ್ಷಿತ.

ಭಾಷೆ ಯಾವುದು? ‘ಕಿಲ್ಲರ್ ಆಫ್ ಶೀಪ್’ ನಡೆಯುವ ಲಾಸ್ ಏಂಜಲೀಸ್‌ನ ವಾಟ್ಸ್ ಕೇರಿಯ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತಂದರೆ ಕಸಾಯಿಖಾನೆಯ ಕೂಲಿ ಪ್ರಾಧ್ಯಾಪಕನ ಹಾಗೆ ಮಾತಾಡುತ್ತಾನೆ. ಪೂರಾ ಧಾರವಾಡದ ಮಾತಿಗೆ ಇಳಿಸಿದರೂ ಕಷ್ಟ: ನಮ್ಮ ಮಾತನ್ನು ಸಿನಿಮಾದವರು ನಗಿಸೋದಕ್ಕೇ ಬಳಸಿ ಬಳಸಿ, ‘ಏನ್ ಮಾಡಾಕತ್ತಿ’ ಕಂಡೊಡನೆ ಹಿಂದಿನ ಸಾಲಿನಲ್ಲಿ ಕಿಸಕ್ ಅನ್ನುತ್ತದೆ. ವಾಕ್ಯ ಗಿಡ್ಡ ಇರಲಿ, ಕ್ರಿಯಾಪದ ಆಡುಮಾತಿನದಿರಲಿ, ಅಷ್ಟು ಸಾಕು. ಬೈಗುಳವನ್ನು ಮೆತ್ತಗೆ ಮಾಡಬೇಡಿ. ಆದರೆ ನಿಮ್ಮದೇ ಕರಪತ್ರದಲ್ಲಿ ‘ನೀಗ್ರೋ’, ‘ಕರಿಯರು’ ಬೇಡ. ಜೂಲಿ ಡ್ಯಾಷ್ ತಮ್ಮ ಚಿತ್ರದ ಗಲ್ಲಾ ಮಾತಿಗೆ (ಅಮೆರಿಕದ ಆಗ್ನೇಯ ಕರಾವಳಿಯ ಕಪ್ಪು ಜನರ ಆಡುನುಡಿ) ಅಮೆರಿಕದಲ್ಲೂ ಅಡಿಬರಹ ಹಾಕಲಿಲ್ಲ. ಅಲ್ಲಿ ಎಲ್ಲವನ್ನೂ ಬಿಡಿಸಿ ಹೇಳಹೋಗದೆ ಕಡಿಮೆ ಸಾಲುಗಳಲ್ಲಿ ಮುಗಿಸಿ.

ಇನ್ನು ಪರದೆ. ಮಿಶೋ, ಬರ್ನೆಟ್ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಪ್ರೊಜೆಕ್ಟರ್ ಚಿತ್ರವನ್ನು ಪರದೆ ತುಂಬ ಎಳೆಯುವ ‘ಫುಲ್’ನಲ್ಲಿದ್ದರೆ ಮುಖಗಳು ಉಬ್ಬಿ ರೊಟ್ಟಿಯಾಗುತ್ತವೆ. 12 ಅಡಿ ಅಗಲ, 6.75 ಅಡಿ ಎತ್ತರದ ಪರದೆಯ ಮೇಲೆ ‘ಕಿಲ್ಲರ್ ಆಫ್ ಶೀಪ್’ ಸುಮಾರು 9.25 ಅಡಿ ಅಗಲವೇ ಇರಬೇಕು. ಟೇಪು ಹಿಡಿದು ಅಳೆಯಿರಿ. ಈ ಪರದೆಗೆ, ಹಾಲ್ ಕತ್ತಲಿದ್ದರೆ 3000 ಲ್ಯೂಮೆನ್ಸ್ ಬೆಳಕಿನ ಪ್ರೊಜೆಕ್ಟರ್ ಧಾರಾಳ. ‘ಡೈನಾಮಿಕ್’ ಬಿಟ್ಟು ‘ಸಿನಿಮಾ’ ಮೋಡ್ ಹಾಕಿ. ಡೈನಾಮಿಕ್‌ನಲ್ಲಿ ಕಪ್ಪು ಮೈಬಣ್ಣದ ಏರಿಳಿತವೆಲ್ಲ ಒಂದೇ ಮಸಿಯಾಗಿ, ಕಣ್ಣು ಹಲ್ಲು ಮಾತ್ರ ಉಳಿಯುತ್ತವೆ. ಈ ಚಿತ್ರಗಳಿಗೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಕಿಟಕಿಯ ಬೆಳಕೂ ಇದನ್ನೇ ಮಾಡುತ್ತದೆ. ಹಗಲು ಪ್ರದರ್ಶನವಿದ್ದರೆ ಶಾಮಿಯಾನದವರಿಂದ ಕಪ್ಪು ಬಟ್ಟೆ ತಂದು ಎರಡು ಪದರ ಕಟ್ಟಿ.

ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ಒಂದು ಕೆವಿಎ ಯುಪಿಎಸ್ ಇರಲಿ. ಕರೆಂಟ್ ದಿಢೀರ್ ಹೋದರೆ ಬಿಸಿ ಲ್ಯಾಂಪ್ ತಣಿಯಲು ಫ್ಯಾನ್ ಸಿಗದೆ ಕೆಡಬಹುದು.

‘ವಿದಿನ್ ಅವರ್ ಗೇಟ್ಸ್’ನಲ್ಲಿ ಗುಂಪುಹತ್ಯೆ, ಅತ್ಯಾಚಾರ ಯತ್ನದ ದೃಶ್ಯಗಳಿವೆ. ದೀಪ ಆರಿಸುವ ಮುಂಚೆ ಹೇಳಿ. ದೃಶ್ಯಗಳ ನಡುವೆ ಬರುವ ಇಂಗ್ಲಿಷ್ ಬರಹದ ಫಲಕಗಳನ್ನು ಒಬ್ಬರು ಮೈಕಿನಲ್ಲಿ ಕನ್ನಡದಲ್ಲಿ ಓದಬಹುದು, ನಾಟಕೀಯತೆ ಬೇಡ. ಧಾರವಾಡ ಅಂದಮೇಲೆ ಸಿತಾರಿನವರು ನುಡಿಸಲು ಮುಂದೆ ಬಂದೇ ಬರುತ್ತಾರೆ. ನುಡಿಸಲಿ, ಗುಂಪುಹತ್ಯೆಯ ದೃಶ್ಯದಲ್ಲಿ ಮಾತ್ರ ಕೈ ನಿಲ್ಲಿಸಲು ಮೊದಲೇ ಒಪ್ಪಿಸಿರಿ.