ಹಣ್ಣು ಕುಯ್ಯೋದು ಮುಗೀಲಿ ಅಂತ ಐದನೇ ತಿಂಗಳ ಸ್ಕ್ಯಾನಿಂಗ್ ತಪ್ಪಿಸಬೇಡಿ

ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್‌ಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ನಾನು ಆಶಾ ಕಾರ್ಯಕರ್ತೆ. ಡಿಸೆಂಬರ್ ಬಂದರೆ ಬಸುರಿಯರು ಹೇಳುವುದು ಒಂದೇ ಮಾತು: "ಅಕ್ಕಾ, ಹಣ್ಣು ಕುಯ್ಯೋದು ಮುಗೀಲಿ, ಆಮೇಲೆ ಚಿಕ್ಕಮಗಳೂರಿಗೆ ಹೋಗ್ತೀನಿ."

ಬೇಡ. 18ರಿಂದ 20 ವಾರದೊಳಗೆ ಹೋಗಿಬಿಡಿ. ಆ ಹೊತ್ತಿಗೆ ಮಗುವಿನ ಮೆದುಳಿನ ಭಾಗಗಳು ಚೆನ್ನಾಗಿ ಕಾಣುತ್ತವೆ. ಅನುಮಾನ ಬಂದರೆ ಇನ್ನೊಮ್ಮೆ ನೋಡಿಸಲು ಸಮಯ ಬೇಕಲ್ವಾ? 24 ವಾರ ದಾಟಿದ ಮೇಲೆ ತೀರಾ ದೊಡ್ಡ ತೊಂದರೆ ಕಂಡು ಗರ್ಭ ತೆಗೆಸಬೇಕಾಗಿ ಬಂದರೆ ಮೆಡಿಕಲ್ ಬೋರ್ಡ್, ಅಂದರೆ ತಜ್ಞ ಡಾಕ್ಟರುಗಳ ಮಂಡಳಿ, ಒಪ್ಪಬೇಕು.

ತಾಯಿ ಕಾರ್ಡ್, ಆಧಾರ್, ಹಳೇ ರಿಪೋರ್ಟ್ ಹಿಡಿದುಕೊಳ್ಳಿ. ತಿಂಡಿ ತಿಂದೇ ಬಸ್ಸು ಹತ್ತಿ. ಕೊನೆಯ ಸಲ ಮುಟ್ಟಾದ ತಾರೀಖು ಸರಿಯಾಗಿ ಹೇಳಿ. ವಾರದ ಲೆಕ್ಕ ತಪ್ಪಿದರೆ ಚೆನ್ನಾಗಿ ಬೆಳೆದ ತಲೆಯೂ ಚಿಕ್ಕದು ಅನ್ನಿಸಬಹುದು. ಗಂಡೋ ಹೆಣ್ಣೋ ಅಂತ ಕೇಳಬೇಡಿ, 1994ರ ಕಾಯ್ದೆ ಪ್ರಕಾರ ಅದು ಅಪರಾಧ.

ಕೇಳಬೇಕಾದದ್ದು ಇದು: "ಡಾಕ್ಟ್ರೇ, ಮೆದುಳಲ್ಲಿ ನೀರಿನ ಅಳತೆ ಎಷ್ಟಿದೆ?" ಮೆದುಳಿನೊಳಗೆ ನೀರು ತುಂಬಿದ ಕೋಣೆಗಳಿವೆ. ಅವುಗಳ ಅಗಲ 10 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಸ್ವಲ್ಪ ದಾಟಿದರೆ ಹೆದರಿ ಕೂರಬೇಡಿ. 10ರಿಂದ 12ರೊಳಗಿದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ಹೆಚ್ಚಿನ ಮಕ್ಕಳು ಚೆನ್ನಾಗೇ ಇರುತ್ತಾರೆ. ಆದರೆ ಮತ್ತೆ ನೋಡಿಸಲೇಬೇಕು. ತಲೆಯ ಹಿಂಭಾಗದ ಚಿಕ್ಕ ಮೆದುಳನ್ನು ಡಾಕ್ಟರಮ್ಮ ಒಮ್ಮೆ ನನಗೆ ತೋರಿಸಿದರು. ಎರಡು ಕಾಫಿ ಹಣ್ಣು ಅಂಟಿಕೊಂಡ ಹಾಗಿತ್ತು. 20 ವಾರಕ್ಕೆ ಅದರ ಅಗಲವೂ ಸುಮಾರು 20 ಮಿಲಿಮೀಟರ್.

ಅವತ್ತು ಪರದೆಯಲ್ಲಿ ಮಗು ಮುಷ್ಟಿ ಬಿಚ್ಚಿ, ಹೆಬ್ಬೆರಳನ್ನು ಬಾಯಿಗಿಟ್ಟಿತು. ಮಲಗಿದ್ದ ಹುಡುಗಿಗೆ ಏನೂ ಗೊತ್ತಾಗಲಿಲ್ಲ. ಚೊಚ್ಚಲ ಬಸುರಿಯರಿಗೆ ಅಲುಗಾಟ ತಿಳಿಯುವುದೇ 18-20 ವಾರದ ಹೊತ್ತಿಗೆ. ಸ್ಕ್ಯಾನಿಂಗ್‌ನಲ್ಲಿ ಅದು ಎರಡು ತಿಂಗಳಿಗೇ ಕಾಣುತ್ತದೆ.

ಏಳು ತಿಂಗಳು ತುಂಬಿದ ಮೇಲೆ ನೋಡುವ ಕೆಲಸ ನಿಮ್ಮದು. ದಿನಾ ಒಂದೇ ಹೊತ್ತಿಗೆ ಎಡಮಗ್ಗುಲಾಗಿ ಮಲಗಿ ಮಗುವಿನ ಅಲುಗಾಟ ಎಣಿಸಿ. ಮಗು ಒಂದೊಂದು ಸಲ 20-40 ನಿಮಿಷ ನಿದ್ದೆ ಮಾಡುತ್ತದೆ, ಕಾಯಿರಿ. ಎರಡು ಗಂಟೆಯಲ್ಲಿ 10 ಸಲ ಅಲುಗಾಡದಿದ್ದರೆ ಬೆಳಗಾಗಲಿ ಅನ್ನದೆ ಆಸ್ಪತ್ರೆಗೆ ಹೊರಡಿ. ಹೋದ ತಿಂಗಳ ಸ್ಕ್ಯಾನಿಂಗ್ ಚೆನ್ನಾಗಿತ್ತಲ್ಲ ಅಂತ ಸುಮ್ನಿರಬೇಡಿ.

ನಮ್ಮ ಲೈನಿನ ಒಬ್ಬಳು ತಟ್ಟೆಯಲ್ಲಿ ಹತ್ತು ಕಾಫಿ ಬೀಜ ಇಟ್ಟುಕೊಳ್ಳುತ್ತಿದ್ದಳು. ಮಗು ಒದ್ದಾಗಲೆಲ್ಲ ಒಂದು ಬೀಜ ಲೋಟಕ್ಕೆ. ಒಂದು ರಾತ್ರಿ ಲೋಟಕ್ಕೆ ಬಿದ್ದದ್ದು ನಾಲ್ಕೇ. ತೋಟದ ಜೀಪಿನಲ್ಲಿ ಹೊರಟೆವು. ಡಾಕ್ಟರು ಅರ್ಧ ಗಂಟೆ ಪರದೆ ನೋಡಿದರು. ಮಗು ಮೂರು ಸಲ ಹೊರಳಿತು, ಕೈ ಮಡಚಿ ಬಿಚ್ಚಿತು, ಉಸಿರಾಡುವ ಹಾಗೆ ಎದೆ ಏರಿಳಿಸಿತು. ಸುತ್ತ ನೀರೂ ಸಾಕಷ್ಟಿತ್ತು. "ನಾಳೆ ಮತ್ತೆ ಕಡಿಮೆ ಆದರೆ ನಾಳೆಯೂ ಬನ್ನಿ" ಅಂದು ಕಳಿಸಿದರು.