ಮೊದಲ ಸಲ ಗೆದ್ದ ಶಾಸಕರಿಗೆ: ಸದನದ ಕೆಲಸ ಹೀಗೆ ಮಾಡಿ

ಹಾರ, ತುರಾಯಿ, ಸನ್ಮಾನಗಳು ಮುಗಿಯುವಷ್ಟರಲ್ಲಿ ವಿಧಾನಸಭೆ ಸಚಿವಾಲಯದಿಂದ ಅಧಿವೇಶನದ ಸಮನ್ಸ್ ಬಂದಿರುತ್ತದೆ. ಕ್ಷೇತ್ರದ ಕೆಲಸ ಹೇಗೋ ಕಾರ್ಯಕರ್ತರಿಂದ, ಅಧಿಕಾರಿಗಳಿಂದ ಕಲಿತುಹೋಗುತ್ತದೆ. ಸದನದ ಕೆಲಸವನ್ನು ಕೂರಿಸಿಕೊಂಡು ಹೇಳಿಕೊಡುವವರು ಕಡಿಮೆ. 2023ರ ಜೂನ್‌ನಲ್ಲಿ ನೆಲಮಂಗಲ ಬಳಿಯ ಕ್ಷೇಮವನದಲ್ಲಿ ನಡೆದಂತೆ ಹೊಸಬರಿಗೆ ಮೂರು ದಿನದ ಶಿಬಿರ ನಡೆಯುವುದುಂಟು, ಆದರೆ ಪ್ರಶ್ನೆ ಬರೆಯುವ ಕೈ ಮೂರು ದಿನದಲ್ಲಿ ಪಳಗುವುದಿಲ್ಲ. ಇಲ್ಲಿ ಬರೆದಿರುವುದು ಕರ್ನಾಟಕ ವಿಧಾನಸಭೆಯ ಕ್ರಮ. ನಮ್ಮ ಮಾತು ಮುಖ್ಯವಾಗಿ ಒಂದೇ: ಎದ್ದು ನಿಂತು ಕೂಗಿದ್ದು ಆ ದಿನದ ಟಿವಿಯಲ್ಲಿ ಬರುತ್ತದೆ, ಆದರೆ ಸಚಿವರಿಂದ ಲಿಖಿತ ಉತ್ತರ ತರಿಸುವುದು ಮುಂಚಿತವಾಗಿ ಬರೆದುಕೊಟ್ಟ ನೋಟಿಸ್ ಮಾತ್ರ.

ಮೊದಲ ವಾರ

ಚುನಾವಣಾಧಿಕಾರಿ ಕೊಟ್ಟ ಆಯ್ಕೆಯ ಪ್ರಮಾಣಪತ್ರವನ್ನು, ಅಂದರೆ ನಮೂನೆ 22 ಅನ್ನು, ಜೊತೆಯಲ್ಲಿ ಇಟ್ಟುಕೊಳ್ಳಿ. ಸಂವಿಧಾನದ 188ನೇ ವಿಧಿಯಂತೆ ಪ್ರಮಾಣವಚನ ಸ್ವೀಕರಿಸದೆ ಸದನದಲ್ಲಿ ಕೂರುವಂತಿಲ್ಲ. ಹಾಗೆ ಕೂತರೆ ಅಥವಾ ಮತ ಹಾಕಿದರೆ 193ನೇ ವಿಧಿಯ ಪ್ರಕಾರ ದಿನಕ್ಕೆ 500 ರೂಪಾಯಿ ದಂಡ. ಪ್ರಮಾಣದ ಒಕ್ಕಣೆ ಮೂರನೇ ಅನುಸೂಚಿಯಲ್ಲಿದೆ. ದೇವರ ಹೆಸರಿನಲ್ಲಿ ಅಥವಾ ಸತ್ಯನಿಷ್ಠೆಯಿಂದ ಎಂಬ ಎರಡೇ ಆಯ್ಕೆ. ಅಭಿಮಾನದಿಂದ ಬೇರೆ ಹೆಸರುಗಳನ್ನು ಸೇರಿಸಲು ಹೋದರೆ ಆಕ್ಷೇಪ ಬರುತ್ತದೆ, ಮತ್ತೊಮ್ಮೆ ಓದಬೇಕಾಗಲೂಬಹುದು.

ಸದನದ ಹೊರಗಿನ ಎರಡು ಗಡುವುಗಳನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಚುನಾವಣಾ ವೆಚ್ಚದ ಲೆಕ್ಕವನ್ನು ಫಲಿತಾಂಶದ ದಿನದಿಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಕೊಡಬೇಕು. ಆಸ್ತಿ ಮತ್ತು ಸಾಲದ ವಿವರವನ್ನು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಸಲ್ಲಿಸಬೇಕು, ಕುಟುಂಬದವರದ್ದೂ ಸೇರಿಸಿ.

ಸಚಿವಾಲಯದಿಂದ ವಿಧಾನಸಭೆಯ ಕಾರ್ಯವಿಧಾನ ಮತ್ತು ನಡವಳಿಕೆಯ ನಿಯಮಾವಳಿ ಪುಸ್ತಕ ಪಡೆದುಕೊಳ್ಳಿ. ಇಡೀ ಪುಸ್ತಕ ಓದಲಾಗದಿದ್ದರೆ ಪ್ರಶ್ನೆಗಳ ಅಧ್ಯಾಯವನ್ನೂ 60, 69, 73, 351ನೇ ನಿಯಮಗಳನ್ನೂ ಓದಿ. ಸಚಿವಾಲಯ ಕಳಿಸುವ ಲಘು ಪ್ರಕಟಣೆಯನ್ನು ಆಪ್ತ ಸಹಾಯಕರ ಮೇಜಿನ ಮೇಲೆ ಬಿಡಬೇಡಿ. ಯಾವ ಇಲಾಖೆಯ ಪ್ರಶ್ನೆಗೆ ಯಾವ ದಿನ ಉತ್ತರ, ಆ ಪ್ರಶ್ನೆಯನ್ನು ಕೊಡಲು ಕೊನೆಯ ದಿನ ಯಾವುದು ಎಂಬುದು ಅದರಲ್ಲೇ ಇರುತ್ತದೆ. ಹೊಸ ಶಾಸಕರ ಮೊದಲ ಅಧಿವೇಶನ ಪ್ರಶ್ನೆಯೇ ಇಲ್ಲದೆ ಮುಗಿದುಹೋಗುವುದು ಹೆಚ್ಚಾಗಿ ಈ ಒಂದು ಕಾಗದ ನೋಡದ್ದರಿಂದ.

ಪ್ರಶ್ನೆ ಬರೆಯುವುದು

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ದಿನಕ್ಕೆ ಇಂಥವು 15 ಮಾತ್ರ, ಅವನ್ನೂ ಬ್ಯಾಲೆಟ್ ಮಾಡಿ, ಅಂದರೆ ಚೀಟಿ ಎತ್ತಿ, ಆರಿಸುತ್ತಾರೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರವಷ್ಟೇ. ಹೊಸಬರೆಲ್ಲ ಚುಕ್ಕೆಯ ಹಿಂದೆ ಬೀಳುತ್ತಾರೆ. ಅಂಕಿಅಂಶ ಬೇಕಿದ್ದರೆ ಚುಕ್ಕೆ ಇಲ್ಲದ್ದೇ ವಾಸಿ. ಮೊದಲ ಅಧಿವೇಶನದಲ್ಲಿ ಅದರಿಂದ ಮಾಹಿತಿ ತರಿಸಿಕೊಂಡು, ಮುಂದಿನ ಅಧಿವೇಶನದಲ್ಲಿ ಅದೇ ಮಾಹಿತಿಯ ಮೇಲೆ ಚುಕ್ಕೆಯ ಪ್ರಶ್ನೆ ಹಾಕಿದರೆ ಸಚಿವರಿಗೆ ನುಣುಚಿಕೊಳ್ಳಲು ದಾರಿ ಇರುವುದಿಲ್ಲ.

ಸಾಮಾನ್ಯವಾಗಿ ಬರುವ ಪ್ರಶ್ನೆ ಹೀಗಿರುತ್ತದೆ: "ತಾಲ್ಲೂಕಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಕೆಟ್ಟು ನಿಂತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಯಾವ ಕ್ರಮ ಕೈಗೊಳ್ಳಲಾಗಿದೆ?" ಇದಕ್ಕೆ ಉತ್ತರವನ್ನು ನಾವೇ ಹೇಳಬಲ್ಲೆವು: "ಬಂದಿದೆ. ಅನುದಾನದ ಲಭ್ಯತೆಯನ್ನು ಆಧರಿಸಿ ದುರಸ್ತಿಗೆ ಕ್ರಮ ವಹಿಸಲಾಗುವುದು." ಗಮನಕ್ಕೆ ಬಂದಿಲ್ಲ ಎಂದುಬಿಟ್ಟರಂತೂ ಮುಂದಿನ ಭಾಗಕ್ಕೆಲ್ಲ "ಉದ್ಭವಿಸುವುದಿಲ್ಲ" ಎಂದು ಬರುತ್ತದೆ. ಪ್ರಶ್ನೆ ಮುಗಿಯಿತು, ಒಂದು ಅವಕಾಶವೂ ಹೋಯಿತು. ಅದನ್ನೇ ಹೀಗೆ ಬರೆಯಿರಿ:

(ಅ) ತಾಲ್ಲೂಕಿನಲ್ಲಿ ಈವರೆಗೆ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳೆಷ್ಟು? (ಗ್ರಾಮ, ಸ್ಥಾಪಿಸಿದ ವರ್ಷ, ವೆಚ್ಚ, ಅಳವಡಿಸಿದ ಸಂಸ್ಥೆಯ ವಿವರ ನೀಡುವುದು)

(ಆ) ಇವುಗಳಲ್ಲಿ ಪ್ರಸ್ತುತ ಕಾರ್ಯನಿರ್ವಹಿಸದಿರುವ ಘಟಕಗಳು ಯಾವುವು? ಯಾವ ದಿನಾಂಕದಿಂದ, ಯಾವ ಕಾರಣಕ್ಕೆ ಸ್ಥಗಿತಗೊಂಡಿವೆ?

(ಇ) ಪ್ರತಿ ಘಟಕದ ನಿರ್ವಹಣೆ ಯಾರ ಹೊಣೆ? ಕರಾರು ಮುಗಿಯುವ ದಿನಾಂಕ ಯಾವುದು? ಕಳೆದ ಮೂರು ವರ್ಷಗಳಲ್ಲಿ ನಿರ್ವಹಣೆಗೆ ಪಾವತಿಸಿದ ಮೊತ್ತವೆಷ್ಟು?

(ಈ) ಕರಾರು ಉಲ್ಲಂಘಿಸಿದ ಸಂಸ್ಥೆಗಳಿಂದ ವಸೂಲು ಮಾಡಿರುವ ದಂಡವೆಷ್ಟು?

ಇಲ್ಲಿ ಹೌದು ಅಥವಾ ಇಲ್ಲ ಎಂದು ಮುಗಿಸಲು ಒಂದೂ ಭಾಗವಿಲ್ಲ. ಇಲಾಖೆ ಪಟ್ಟಿ ಕೊಡಲೇಬೇಕು. ಪಟ್ಟಿ ಬಂದ ಮೇಲೆ ನಿಮ್ಮ ಹುಡುಗರು ಹಳ್ಳಿಹಳ್ಳಿಗೆ ಹೋಗಿ ತಾಳೆ ನೋಡಬಹುದು. ಕಾಗದದಲ್ಲಿ ನೀರು ಬರುತ್ತಿರುವ ಘಟಕಕ್ಕೆ ಬೀಗ ಬಿದ್ದಿದ್ದರೆ, ದಿನಾಂಕ ಕಾಣುವಂತೆ ಫೋಟೊ ತೆಗೆಸಿ. ಉಪಪ್ರಶ್ನೆಗೆ ಅಷ್ಟು ಸಾಕು. ಸದನಕ್ಕೆ ತಪ್ಪು ಮಾಹಿತಿ ಕೊಡುವುದು ಅಧಿಕಾರಿಗಳಿಗೆ ದುಬಾರಿಯಾಗುವ ವಿಷಯ, ಆದ್ದರಿಂದ ಅರ್ಧದಷ್ಟು ಘಟಕಗಳು ಉತ್ತರ ಬರುವ ಮುಂಚೆಯೇ ರಿಪೇರಿ ಆಗಿಬಿಟ್ಟರೂ ಆಶ್ಚರ್ಯವಿಲ್ಲ.

ಇಲಾಖೆ ಸರಿಯಾಗಿ ಗುರುತಿಸಿ. ಹಳ್ಳಿಯ ನೀರಿನ ಘಟಕ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು, ಪಟ್ಟಣದ್ದು ಅವರದಲ್ಲ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿಯವರದು, ಗ್ರಾಮೀಣ ರಸ್ತೆ ಅವರಿಗೆ ಸೇರಿದ್ದಲ್ಲ. ತಪ್ಪು ಇಲಾಖೆಗೆ ಹೋದ ಪ್ರಶ್ನೆ ಅಲ್ಲಿಂದ ಇಲ್ಲಿಗೆ ವರ್ಗಾವಣೆಯಾಗುವಷ್ಟರಲ್ಲಿ ಅಧಿವೇಶನ ಮುಗಿದಿರುತ್ತದೆ. ಒಂದೇ ಪ್ರಶ್ನೆಯಲ್ಲಿ ಎರಡು ಇಲಾಖೆ ತುರುಕಿದರೂ ಅದೇ ಗತಿ.

ತಿರಸ್ಕೃತವಾಗುವ ಪ್ರಶ್ನೆಗಳಿಗೆ ಕಾರಣಗಳು ಬಹುಮಟ್ಟಿಗೆ ಇವೇ: ನ್ಯಾಯಾಲಯದ ಮುಂದಿರುವ ವಿಷಯ, ಸರ್ಕಾರದ ಅಭಿಪ್ರಾಯ ಕೇಳುವುದು, ಆರೋಪವನ್ನೇ ಪ್ರಶ್ನೆಯ ರೂಪದಲ್ಲಿ ಬರೆಯುವುದು, ಅದೇ ಅಧಿವೇಶನದಲ್ಲಿ ಉತ್ತರ ಬಂದಾಗಿರುವುದು, ಕೇಂದ್ರ ಸರ್ಕಾರದ ವಿಷಯ. ಕೊನೆಯದಕ್ಕೆ ಒಂದು ದಾರಿಯಿದೆ. ರಾಷ್ಟ್ರೀಯ ಹೆದ್ದಾರಿಯ ಗುಂಡಿಗಳ ಬಗ್ಗೆ ಕೇಳಿದರೆ ಪ್ರಶ್ನೆ ವಾಪಸ್ ಬರುತ್ತದೆ. ಅದೇ ಹೆದ್ದಾರಿಗೆ ಭೂಸ್ವಾಧೀನ ಎಷ್ಟು ಎಕರೆ ಮುಗಿದಿದೆ, ಎಷ್ಟು ರೈತರ ಪರಿಹಾರ ಬಾಕಿ ಇದೆ ಎಂದು ಕೇಳಿದರೆ ಕಂದಾಯ ಅಧಿಕಾರಿಗಳು ಲೆಕ್ಕ ಕೊಡಬೇಕಾಗುತ್ತದೆ.

ಉತ್ತರದ ದಿನ ಬೆಳಿಗ್ಗೆಯೇ ಉತ್ತರದ ಪ್ರತಿ ಪಡೆದು ಅನುಬಂಧದವರೆಗೂ ಓದಿ. ಸದನದಲ್ಲಿ ನಿಮ್ಮ ಹೆಸರು ಕರೆದಾಗ ಪ್ರಶ್ನೆಯ ಸಂಖ್ಯೆ ಹೇಳುತ್ತೀರಿ, ಸಚಿವರು "ಉತ್ತರವನ್ನು ಒದಗಿಸಲಾಗಿದೆ" ಎಂದು ಕೂರುತ್ತಾರೆ. ಮುಂದಿನ ಎರಡು ಮೂರು ನಿಮಿಷ ಮಾತ್ರ ನಿಮ್ಮದು. ಅನೇಕರು ಆ ಹೊತ್ತಿನಲ್ಲಿ ಕ್ಷೇತ್ರದ ಕಷ್ಟವನ್ನೆಲ್ಲ ಹೇಳಿಕೊಳ್ಳಲು ಹೋಗುತ್ತಾರೆ, ಸಭಾಧ್ಯಕ್ಷರು "ಪ್ರಶ್ನೆ ಕೇಳಿ" ಎನ್ನುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಉತ್ತರದ ಒಂದು ಸಾಲನ್ನು ಓದಿ, ನಿಮ್ಮ ಬಳಿ ಇರುವ ಸಂಗತಿ ಹೇಳಿ, "ಯಾವ ತಿಂಗಳೊಳಗೆ ಮಾಡುತ್ತೀರಿ?" ಎಂದು ಕೇಳಿ ಕೂತುಬಿಡಿ. ಸಚಿವರ ಬಾಯಿಂದ ತಿಂಗಳು ಬಂದರೆ ಅದು ಭರವಸೆಯಾಗಿ ದಾಖಲಾಗುತ್ತದೆ.

ಯಾವ ನಿಯಮದಡಿ ಏನು

ನಿಯಮ 60 ನಿಲುವಳಿ ಸೂಚನೆ: ಆ ದಿನದ ಕಲಾಪ ಬದಿಗಿಟ್ಟು ಒಂದೇ ತುರ್ತು ವಿಷಯ ಚರ್ಚಿಸಬೇಕೆಂಬ ಕೋರಿಕೆ. ಹಳೆಯ ಸಮಸ್ಯೆಗೆ ಇದು ಸಲ್ಲದು. ಸಭಾಧ್ಯಕ್ಷರು ಬಹಳ ಸಲ ಇದನ್ನು ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ಸಮಯ ಕೊಡುತ್ತಾರೆ. ಅದನ್ನು ಸೋಲು ಎಂದು ತಿಳಿದು ಪೀಠದ ಮುಂದಿನ ಬಾವಿಗಿಳಿದು ಪ್ರತಿಭಟಿಸುವ ಅಗತ್ಯವಿಲ್ಲ, ಚರ್ಚೆಯಂತೂ ಸಿಕ್ಕಿತಲ್ಲ. ನಿಯಮ 73 ಗಮನ ಸೆಳೆಯುವ ಸೂಚನೆ, ಒಂಟಿ ಶಾಸಕನಿಗೆ ಅತ್ಯಂತ ಉಪಯುಕ್ತ. ಒಂದು ವಿಷಯ, ಒಬ್ಬ ಸಚಿವರು, ಒಂದು ಹೇಳಿಕೆ. ನಿಯಮ 351ರಲ್ಲಿ ಕ್ಷೇತ್ರದ ವಿಷಯವನ್ನು ಚುಟುಕಾಗಿ ಪ್ರಸ್ತಾಪಿಸಬಹುದು. ಶೂನ್ಯ ವೇಳೆಯಲ್ಲಿ ಮಾತಾಡಲು ಸಭಾಧ್ಯಕ್ಷರ ಅನುಮತಿ ಬೇಕು, ಅಲ್ಲಿ ಹೇಳಿದ್ದಕ್ಕೆ ಉತ್ತರ ಬಂದೇ ಬರುತ್ತದೆ ಎಂಬ ಖಾತ್ರಿ ಇಲ್ಲ. ವಿಧಾನ ಪರಿಷತ್ತಿಗೆ ಹೋದವರಿಗೆ ಸಂಖ್ಯೆಗಳು ಬೇರೆ: ಅಲ್ಲಿ 59, 68, 72, 330.

ಕ್ರಿಯಾಲೋಪ, ಅಂದರೆ ಸದನ ನಿಯಮ ಮೀರಿ ನಡೆಯುತ್ತಿದೆ ಎಂಬ ಆಕ್ಷೇಪ, ಎತ್ತುವಾಗ ಯಾವ ನಿಯಮ ಉಲ್ಲಂಘನೆಯಾಗಿದೆ ಎಂದು ಸಂಖ್ಯೆಸಮೇತ ಹೇಳಿ. ಸಂಖ್ಯೆ ಹೇಳದೆ "ಕ್ರಿಯಾಲೋಪ, ಕ್ರಿಯಾಲೋಪ" ಎಂದು ಕೂಗಿದರೆ ಒಂದೇ ನಿಮಿಷದಲ್ಲಿ ಕೂರಿಸುತ್ತಾರೆ.

ಮೊದಲ ಭಾಷಣ

ರಾಜ್ಯಪಾಲರ ಭಾಷಣದ ಮೇಲಿನ ವಂದನಾ ನಿರ್ಣಯ ಇದಕ್ಕೆ ಒಳ್ಳೆಯ ಜಾಗ, ಏಕೆಂದರೆ ಸರ್ಕಾರದ ಯಾವ ಕೆಲಸವನ್ನಾದರೂ ಎತ್ತಿಕೊಳ್ಳಬಹುದು. ಸಮಯವನ್ನು ಪಕ್ಷಗಳಿಗೆ ಹಂಚುತ್ತಾರೆ, ಹಾಗಾಗಿ ಹಿಂದಿನ ದಿನವೇ ಮುಖ್ಯ ಸಚೇತಕರ ಪಟ್ಟಿಯಲ್ಲಿ ಹೆಸರು ಬರೆಸಿ. ಮಾತು "ಮಾನ್ಯ ಸಭಾಧ್ಯಕ್ಷರೇ" ಎಂದು ಪೀಠಕ್ಕೇ ಹೋಗಬೇಕು, ಎದುರಿನ ಬೆಂಚಿಗಲ್ಲ. ಹತ್ತು ನಿಮಿಷಕ್ಕೆ ಮೂರು ವಿಷಯ ಸಾಕು. ನ್ಯಾಯಾಧೀಶರ ಕರ್ತವ್ಯ ನಿರ್ವಹಣೆಯ ಬಗ್ಗೆ ಮಾತು ಬೇಡ, 211ನೇ ವಿಧಿ ಅದಕ್ಕೆ ಅವಕಾಶ ಕೊಡುವುದಿಲ್ಲ. ಸದನದಲ್ಲಿ ಆಡಿದ ಮಾತಿಗೆ 194ನೇ ವಿಧಿಯ ರಕ್ಷಣೆ ಇದೆ, ಅದೇ ಮಾತನ್ನು ಮೊಗಸಾಲೆಯಲ್ಲಿ ಮೈಕ್ ಮುಂದೆ ಆಡಿದರೆ ಇಲ್ಲ.

ವಿಧೇಯಕ ಬಂದಾಗ

ವಿಧೇಯಕದ ಪ್ರತಿ ಕೈಗೆ ಸಿಕ್ಕಿದ ಕೂಡಲೇ ಕೊನೆಯ ಪುಟಗಳಿಂದ ಓದಲು ಶುರುಮಾಡಿ. ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ ಅಲ್ಲಿದೆ, ಖರ್ಚಿನ ಬಗ್ಗೆ ಆರ್ಥಿಕ ಜ್ಞಾಪನ ಪತ್ರವಿದೆ. ಆಮೇಲೆ "ನಿಯಮಿಸಬಹುದಾದಂತೆ" ಎಂಬ ಮಾತು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಗೆರೆ ಎಳೆಯಿರಿ. ಶುಲ್ಕ, ಅರ್ಹತೆ, ಮೇಲ್ಮನವಿಯ ಅವಧಿ ಇವೆಲ್ಲ ಆ ಮಾತಿನ ಹಿಂದೆ ಇರುತ್ತವೆ, ನಂತರ ಇಲಾಖೆಯೇ ನಿಯಮ ಮಾಡಿ ತುಂಬುತ್ತದೆ. ಪ್ರಶ್ನಿಸಬೇಕಾದ ಜಾಗ ಅದೇ.

ತಿದ್ದುಪಡಿ ಕೊಡುವುದಾದರೆ ಅದರ ಭಾಷೆ ನಿಖರವಾಗಿರಬೇಕು: "ಖಂಡ 4ರ ಉಪಖಂಡ (2)ರಲ್ಲಿ 'ಮೂವತ್ತು ದಿನಗಳು' ಎಂಬ ಪದಗಳ ಬದಲಿಗೆ 'ಅರವತ್ತು ದಿನಗಳು' ಎಂಬ ಪದಗಳನ್ನು ಪ್ರತಿಯೋಜಿಸತಕ್ಕದ್ದು." ಇದನ್ನು ಪರ್ಯಾಲೋಚನೆಗೆ, ಅಂದರೆ ಸದನ ವಿಧೇಯಕವನ್ನು ಚರ್ಚೆಗೆ ಎತ್ತಿಕೊಳ್ಳುವುದಕ್ಕೆ, ಮುಂಚೆಯೇ ಬರೆದುಕೊಡಿ. ಗದ್ದಲದ ದಿನ ಹತ್ತು ಖಂಡಗಳು ಕೆಲವೇ ನಿಮಿಷಗಳಲ್ಲಿ ಧ್ವನಿಮತದಿಂದ ದಾಟಿಹೋಗುತ್ತವೆ. ಗದ್ದಲ ಮಾಡುತ್ತಿರುವ ಪಕ್ಷ ನಿಮ್ಮದೇ ಆಗಿದ್ದರೂ ತಿದ್ದುಪಡಿಯ ಕಾಗದ ಮೇಜಿನ ಮೇಲಿರಲಿ. ಮತ ಎಣಿಕೆಗೆ ಒತ್ತಾಯಿಸಿದರೆ ಸದಸ್ಯರನ್ನು ಸಾಲು ಸಾಲಾಗಿ ನಿಲ್ಲಿಸಿ ಎಣಿಸುತ್ತಾರೆ. 2019ರ ಜುಲೈ 23ರ ವಿಶ್ವಾಸಮತದಲ್ಲಿ 99 ಮತ್ತು 105 ಎಂಬ ಲೆಕ್ಕ ಸಿಕ್ಕಿದ್ದು ಹೀಗೆಯೇ.

ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಇದ್ದಾಗ ನಿಮ್ಮ ಮತ ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಹತ್ತನೇ ಅನುಸೂಚಿಯಂತೆ ವಿಪ್ ಮೀರಿ ಮತ ಹಾಕಿದರೂ ಮತ ಹಾಕದೆ ಉಳಿದರೂ ಸದಸ್ಯತ್ವ ಹೋಗಬಹುದು, ಪಕ್ಷ 15 ದಿನದೊಳಗೆ ಮನ್ನಿಸಿದರೆ ಮಾತ್ರ ಉಳಿಯುತ್ತದೆ. ಭಿನ್ನಾಭಿಪ್ರಾಯವಿದ್ದರೆ ಶಾಸಕಾಂಗ ಪಕ್ಷದ ಸಭೆಯಲ್ಲಿ ಹೇಳಿ. ಶಿಸ್ತಿನ ವಿಷಯದಲ್ಲೂ ಎಚ್ಚರ ಬೇಕು. 2025ರ ಮಾರ್ಚ್‌ನಲ್ಲಿ ಪೀಠದತ್ತ ಕಾಗದ ಹರಿದೆಸೆದ ಗದ್ದಲದ ನಂತರ 18 ಸದಸ್ಯರನ್ನು ಆರು ತಿಂಗಳಿಗೆ ಅಮಾನತು ಮಾಡಲಾಗಿತ್ತು. ಮೇ ತಿಂಗಳಲ್ಲಿ ಅದು ರದ್ದಾಯಿತು.

ಬಜೆಟ್

ಮುಖ್ಯಮಂತ್ರಿಗಳ ಭಾಷಣದ ಪುಸ್ತಕದಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಹುಡುಕಿ ನಿಲ್ಲಿಸಬೇಡಿ. ಬೇಡಿಕೆವಾರು ಸಂಪುಟ, ಅಂದರೆ ಇಲಾಖೆಗಳು ಕೇಳುವ ಅನುದಾನದ ವಿವರ, ತೆಗೆಯಿರಿ. ಪ್ರತಿ ಲೆಕ್ಕಶೀರ್ಷಿಕೆಗೆ ನಾಲ್ಕು ಅಂಕಿ ಇರುತ್ತದೆ: ಹಿಂದಿನ ವರ್ಷದ ನೈಜ ಲೆಕ್ಕ, ಈ ವರ್ಷದ ಅಂದಾಜು, ಈ ವರ್ಷದ ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು. ಈ ವರ್ಷದ ಅಂದಾಜಿಗಿಂತ ಪರಿಷ್ಕೃತ ಅಂದಾಜು ಬಹಳ ಕಡಿಮೆ ಇದ್ದರೆ ಘೋಷಿಸಿದ ದುಡ್ಡು ಬಿಡುಗಡೆಯಾಗಿಲ್ಲ ಎಂದರ್ಥ. ನಿಮ್ಮ ಭಾಷಣ ಅಲ್ಲಿಂದ ಶುರುವಾಗಲಿ. ಲೋಕೋಪಯೋಗಿ ಕಾಮಗಾರಿಗಳಿಗೆ ಬಜೆಟ್‌ನ ಅಪೆಂಡಿಕ್ಸ್-ಇ ಎಂಬ ಕಾಮಗಾರಿ ಪಟ್ಟಿ ನೋಡಿ. ಹೊಸ ಕಾಮಗಾರಿಯ ಎದುರು ಪುಡಿಗಾಸು ಇಟ್ಟಿದ್ದರೆ ಆ ವರ್ಷ ಅದು ಟೆಂಡರ್ ದಾಟುವುದು ಕಷ್ಟ. ಬೇಡಿಕೆಗಳ ಚರ್ಚೆಗೆ ದಿನ ಸಾಲದೆ ಹಲವು ಇಲಾಖೆಗಳು ಚರ್ಚೆಯೇ ಇಲ್ಲದೆ ಮತಕ್ಕೆ ಹೋಗುತ್ತವೆ. ನಿಮಗೆ ಬೇಕಾದ ಇಲಾಖೆ ಯಾವ ದಿನ ಬರುತ್ತದೆಂದು ಮೊದಲೇ ತಿಳಿದುಕೊಳ್ಳಿ.

ಸಮಿತಿಗಳು

ಸಮಿತಿಯ ಸದಸ್ಯತ್ವವನ್ನು ಕೇಳಿ ಪಡೆಯಿರಿ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಹಿಡಿದು ಇಲಾಖಾ ಕಾರ್ಯದರ್ಶಿಯನ್ನು ಎದುರು ಕೂರಿಸಿ ಕೇಳುವ ಅವಕಾಶ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯಲ್ಲಿದೆ. ಹೊಸಬರಿಗೆ ಭರವಸೆಗಳ ಸಮಿತಿಯೂ ಒಳ್ಳೆಯದು. ಸಚಿವರು "ಮಾಡುತ್ತೇವೆ" ಎಂದದ್ದೆಲ್ಲ ಅಲ್ಲಿಗೆ ಬರುತ್ತದೆ.

ಹಾಜರಾತಿ ಮತ್ತು ಅಧಿವೇಶನದ ನಂತರ

ಸದನದ ಅನುಮತಿ ಇಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ 190ನೇ ವಿಧಿಯಡಿ ಸ್ಥಾನ ತೆರವಾಯಿತೆಂದು ಸದನ ಘೋಷಿಸಬಹುದು. ಅಧಿವೇಶನ ಮುಕ್ತಾಯಗೊಂಡಿರುವ ಅವಧಿ, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ದಿನಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಕಾಯಿಲೆ ಬಿದ್ದರೆ ರಜೆಯ ಅರ್ಜಿ ಕಳಿಸಿ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರ ರಾಜ್ಯದ ಕಾಯ್ದೆ ಹೇಳುತ್ತದೆ, ಅಷ್ಟು ದಿನ ಸೇರುವುದು ಅಪರೂಪ. ಇದು ನೋವಿನ ಸಂಗತಿ, ಹೊಸ ಶಾಸಕರು ಪಕ್ಷಭೇದವಿಲ್ಲದೆ ಕೇಳಬೇಕಾದ ವಿಷಯ. ಬೆಳಗಾವಿಯ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನ ಸುಮಾರು ಹತ್ತು ದಿನದ್ದು, ಅಲ್ಲಿಗೆ ಬೇಕಾದ ಪ್ರಶ್ನೆಗಳನ್ನು ನವೆಂಬರ್‌ನಲ್ಲೇ ಬರೆದು ಮುಗಿಸಿ.

ಅಧಿವೇಶನ ಮುಗಿದ ವಾರದಲ್ಲೇ ಒಂದು ರಿಜಿಸ್ಟರ್ ತೆರೆಯಿರಿ. ಪ್ರಶ್ನೆ ಸಂಖ್ಯೆ, ದಿನಾಂಕ, ಸಚಿವರು ಹೇಳಿದ ಮಾತು, ಕೊಟ್ಟ ಗಡುವು, ಬರೆದ ಪತ್ರ ಎಂದು ಐದು ಕಾಲಂ ಹಾಕಿ. ಸದನದ ನಡವಳಿಯಿಂದ ಸಚಿವರ ಮಾತಿನ ಭಾಗವನ್ನು ಪ್ರತಿ ಮಾಡಿಸಿ, ಅದನ್ನು ಲಗತ್ತಿಸಿ ಇಲಾಖೆಯ ಕಾರ್ಯದರ್ಶಿಗೆ ಪತ್ರ ಬರೆಯಿರಿ. "ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ" ಎಂದು ಉತ್ತರ ಬಂದಿದ್ದ ಪ್ರಶ್ನೆಗಳಿಗೆ ಕೆಂಪು ಶಾಯಿಯ ಗುರುತು ಹಾಕಿ, ಮುಂದಿನ ಅಧಿವೇಶನದ ಲಘು ಪ್ರಕಟಣೆ ಬಂದ ದಿನವೇ ಅವನ್ನು ಹಳೆಯ ಪ್ರಶ್ನೆಯ ಸಂಖ್ಯೆ ನಮೂದಿಸಿ ಮತ್ತೆ ಕಳಿಸಿ.