ಮಿಕ್ಸ್ ಹಾಕುವ ಮೊದಲು ರೆಕ್ಕೆ ನೋಡಿ

ಎಫ್3ಎ (ರೇಡಿಯೊದಿಂದ ನಡೆಸುವ ಮಾದರಿ ವಿಮಾನಗಳ ಕಸರತ್ತಿನ ಸ್ಪರ್ಧಾವರ್ಗ) ವಿಮಾನ ಹಾರಿಸುವವರಲ್ಲಿ ಒಂದು ಅಭ್ಯಾಸ ಬೆಳೆದುಬಿಟ್ಟಿದೆ: ವಿಮಾನ ಎಲ್ಲಿ ಸೊಟ್ಟ ಹೋದರೂ ಟ್ರಾನ್ಸ್‌ಮಿಟರ್‌ನಲ್ಲಿ ಒಂದು ಮಿಕ್ಸ್ (ಒಂದು ನಿಯಂತ್ರಣ ಆಡಿಸಿದಾಗ ಇನ್ನೊಂದೂ ತಾನಾಗಿ ತುಸು ಆಡುವ ಹೊಂದಿಕೆ) ಹಾಕಿ ಮುಚ್ಚಿಬಿಡುವುದು. ಒಂದು ವೇಗಕ್ಕೆ ಹಾಕಿದ ಮಿಕ್ಸ್ ಇನ್ನೊಂದು ವೇಗದಲ್ಲಿ ಕೈಕೊಡುತ್ತದೆ. ಸೊಟ್ಟ ಇರುವುದು ಬಹುಪಾಲು ರೆಕ್ಕೆಯಲ್ಲೇ, ಅದಕ್ಕೆ ನಾನು ಅಲ್ಲಿಂದಲೇ ಶುರುಮಾಡುತ್ತೇನೆ.

ಈ ವರ್ಗಕ್ಕೆ ಬಹುಕಾಲದಿಂದ ಇರುವ ಮಿತಿ ಉದ್ದ 2 ಮೀಟರ್, ಅಗಲ 2 ಮೀಟರ್, ತೂಕ 5 ಕೆಜಿ. ಅದರೊಳಗೆ ನಾನು ಕಟ್ಟುವ ರೆಕ್ಕೆಯ ಕಾರ್ಡ್ (ಮುಂಅಂಚಿನಿಂದ ಹಿಂಅಂಚಿನವರೆಗಿನ ಅಗಲ) ಬುಡದಲ್ಲಿ 440 ಮಿಮೀ, ತುದಿಯಲ್ಲಿ 220. ಒಂದೊಂದು ಪ್ಯಾನೆಲ್ (ಒಂದು ಬದಿಯ ರೆಕ್ಕೆ) 870 ಮಿಮೀ ಉದ್ದ, ತುದಿಯ ಮುಂಅಂಚು ಬುಡದ್ದಕ್ಕಿಂತ 150 ಮಿಮೀ ಹಿಂದೆ. ನಡುವಿನ ಫ್ಯೂಸಲಾಜ್ (ವಿಮಾನದ ಒಡಲು) 130 ಮಿಮೀ ಸೇರಿಸಿದರೆ ಒಟ್ಟು 1870 ಮಿಮೀ, ವಿಸ್ತೀರ್ಣ ಸುಮಾರು 63 ಚದರ ಡೆಸಿಮೀಟರ್. ವಿಮಾನ 4.85 ಕೆಜಿ ಇದ್ದರೆ ಚದರ ಡೆಸಿಮೀಟರಿಗೆ 77 ಗ್ರಾಂ ಹೊರೆ. ಬೆಂಗಳೂರಿನಲ್ಲಿ ಹಾರಿಸುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. 900 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು 8% ತೆಳು, ಸ್ಟಾಲ್ ಆಗುವ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ) ವೇಗ ಸುಮಾರು 4% ಹೆಚ್ಚು. ಮಂಗಳೂರಿನಲ್ಲಿ ಮೆತ್ತಗೆ ಇಳಿಯುವ ವಿಮಾನ ಇಲ್ಲಿ ತುಸು ಜೋರಾಗಿಯೇ ಇಳಿಯುತ್ತದೆ.

ಏರ್‌ಫಾಯಿಲ್, ಅಂದರೆ ರೆಕ್ಕೆಯ ಅಡ್ಡಸೀಳಿನ ಆಕಾರ, ಮೇಲೆ ಕೆಳಗೆ ಒಂದೇ ಸಮ. ಬುಡದಲ್ಲಿ ದಪ್ಪ ಕಾರ್ಡಿನ 10.5%, ತುದಿಯಲ್ಲಿ 12%. ತುದಿ ಮೊದಲು ಸ್ಟಾಲ್ ಆಗದಿರಲೆಂದು ತರಬೇತಿ ವಿಮಾನಗಳಲ್ಲಿ ರೆಕ್ಕೆತುದಿಯನ್ನು ಕೆಳಕ್ಕೆ ತಿರುಚುತ್ತಾರಲ್ಲ, ಆ ವಾಶ್‌ಔಟ್ ಇಲ್ಲಿ ನಡೆಯುವುದಿಲ್ಲ. ವಿಮಾನ ಮಗುಚಿ ಹಾರುವಾಗ ಅದೇ ತಿರುಚು ತಿರುಗುಮುರುಗಾಗಿ, ತುದಿಯೇ ಮೊದಲು ಸ್ಟಾಲ್ ಆಗುತ್ತದೆ. ತುದಿಯನ್ನು ದಪ್ಪ ಮಾಡಿದರೆ ಎರಡೂ ಕಡೆಗೆ ಆಗುತ್ತದೆ. ಮುಂಅಂಚನ್ನು ತೀರಾ ಮೊಂಡು ಮಾಡಬಾರದು, ಸ್ನ್ಯಾಪ್ (ರೆಕ್ಕೆ ಸ್ಟಾಲ್ ಮಾಡಿಸಿ ಥಟ್ಟನೆ ಉರುಳಿಸುವುದು) ಮತ್ತು ಸ್ಪಿನ್‌ಗೆ (ಸ್ಟಾಲ್ ಆಗಿ ಸುತ್ತುತ್ತ ಇಳಿಯುವುದು) ರೆಕ್ಕೆ ಒಲ್ಲೆ ಎನ್ನುತ್ತದೆ. ತೀರಾ ಚೂಪಾದರೆ ಚೌಕ ಮೂಲೆ ಎಳೆದಾಗ ಒಂದು ಪಕ್ಕ ಥಟ್ಟನೆ ಬೀಳುತ್ತದೆ.

ಒಳಗಿನ ತಿರುಳು ಘನಮೀಟರಿಗೆ 16 ಕೆಜಿಯ ಥರ್ಮಾಕೋಲ್. ಬುಡಕ್ಕೂ ತುದಿಗೂ ಇಡುವ ಏರ್‌ಫಾಯಿಲ್ ಆಕಾರದ ಟೆಂಪ್ಲೇಟ್‌ಗೆ ಸನ್‌ಮೈಕ ತುಂಡು ಸಾಕು, ಅಂಚನ್ನು 400ರ ಉಪ್ಪುಕಾಗದದಲ್ಲಿ ನುಣ್ಣಗೆ ಉಜ್ಜಬೇಕು. ಇಲ್ಲದಿದ್ದರೆ ಥರ್ಮಾಕೋಲ್ ಕತ್ತರಿಸುವ ಬಿಸಿ ನೈಕ್ರೋಮ್ ತಂತಿ ತಡೆದು ನಿಂತಲ್ಲೆಲ್ಲ ರೆಕ್ಕೆಯುದ್ದಕ್ಕೂ ಒಂದು ಕಾಲುವೆ ಬೀಳುತ್ತದೆ. ಎರಡೂ ಟೆಂಪ್ಲೇಟ್ ಮೇಲೆ 1ರಿಂದ 20ರವರೆಗೆ ಗುರುತು ಹಾಕಿ. ಬುಡದ ಕಡೆ ನಿಂತವರು ಅಂಕಿ ಕೂಗಬೇಕು, ತುದಿಯವರು ಅದೇ ಹೊತ್ತಿಗೆ ಅದೇ ಗುರುತಿನಲ್ಲಿರಬೇಕು. ಆತುರಪಟ್ಟರೆ ತಂತಿಯ ನಡುಭಾಗ ಹಿಂದೆ ಬಿದ್ದು ಬಿಲ್ಲಿನಂತೆ ಬಾಗುತ್ತದೆ, ಮುಂಅಂಚು ತಿರುಗುವಲ್ಲಿ ನಡುವೆ ಆಕಾರ ಕೆಡುತ್ತದೆ. ಕತ್ತರಿಸಿದ ಮೇಲೆ ಕೂದಲಿನಂಥ ಎಳೆಗಳು ಕಂಡರೆ ಶಾಖವೂ ವೇಗವೂ ಸರಿಯಾಗಿವೆ ಎಂದರ್ಥ. ತುದಿಯ ಕಡೆ ತಂತಿ ಅರ್ಧ ವೇಗದಲ್ಲಿ ಸರಿಯುವುದರಿಂದ ಅಲ್ಲಿ ಹೆಚ್ಚು ಕರಗುತ್ತದೆ. ನಾನು ತುದಿಯ ಟೆಂಪ್ಲೇಟನ್ನು ಸುತ್ತಲೂ ಅರ್ಧ ಮಿಮೀ ದೊಡ್ಡದು ಮಾಡುತ್ತೇನೆ. ತಿರುಳು ತೆಗೆದ ಮೇಲೆ ಉಳಿಯುವ ಮೇಲಿನ ಕೆಳಗಿನ ಹೊರಚಿಪ್ಪುಗಳನ್ನು ಎಸೆಯಬೇಡಿ, ಮುಂದಿನ ಕೆಲಸವೆಲ್ಲ ಅವುಗಳ ನಡುವೆಯೇ.

ಹೊದಿಕೆಗೆ 1.5 ಮಿಮೀ ಬಾಲ್ಸಾ. 100 ಮಿಮೀ ಅಗಲ, 1 ಮೀಟರ್ ಉದ್ದದ ಹಾಳೆ 14ರಿಂದ 16 ಗ್ರಾಂ ಇದ್ದರೆ ಅದು ರೆಕ್ಕೆಗೆ, 20 ದಾಟಿದರೆ ಬೇರೆ ಕೆಲಸಕ್ಕೆ. ಹಾಳೆಗಳನ್ನು ತೂಗಿ, ಎಡ ಬಲ ಎರಡೂ ಪ್ಯಾನೆಲ್‌ಗೆ ಒಟ್ಟು ತೂಕ ಸಮ ಬರುವಂತೆ ಜೋಡಿ ಮಾಡಿಕೊಳ್ಳಿ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಬಾಲ್ಸಾ ಮೇಲೆ ಹಚ್ಚಿ, ಹಳೆಯ ಎಟಿಎಂ ಕಾರ್ಡಿನಿಂದ ಹೊಳಪು ಹೋಗುವವರೆಗೆ ಕೆರೆದು ತೆಗೆಯಬೇಕು. ಒಂದು ಮೈಗೆ 20 ಗ್ರಾಂ ಮೀರಬಾರದು. ಪಾಲಿಯೆಸ್ಟರ್ ರೆಸಿನ್, ಥಿನ್ನರ್, ಮಾಮೂಲಿ ಫೆವಿಕ್ವಿಕ್, ಯಾವುದೂ ಹತ್ತಿರ ಸುಳಿಯಬಾರದು, ಥರ್ಮಾಕೋಲ್ ಬೆಣ್ಣೆಯಂತೆ ಕರಗುತ್ತದೆ.

ಮೇಲಿನ ಮೈ ಇವತ್ತು, ಕೆಳಗಿನದು ನಾಳೆ ಅಂತ ಮಾಡಿದರೆ ಪ್ಯಾನೆಲ್ ಬಾಳೆಹಣ್ಣಿನಂತೆ ಬಾಗುತ್ತದೆ. ಎರಡನ್ನೂ ಒಟ್ಟಿಗೇ ಅಂಟಿಸಿ, ಹೊರಚಿಪ್ಪುಗಳ ನಡುವೆ ಇಟ್ಟು, ಅಡುಗೆಮನೆ ಕಟ್ಟೆಗೆ ಹಾಕುವ ಗ್ರಾನೈಟ್ ಚಪ್ಪಡಿಯ ಮೇಲೆ ಮಲಗಿಸಿ. ಮೇಲೊಂದು ಚಪ್ಪಡಿ. 1 ಮೀಟರ್‌ಗೆ 60 ಸೆಂಮೀ ತುಂಡು, 20 ಮಿಮೀ ದಪ್ಪದ್ದು, 32 ಕೆಜಿ ತೂಗುತ್ತದೆ. ಗ್ರಾನೈಟ್ ಅಂಗಡಿಯಲ್ಲಿ ಉಳಿಕೆ ತುಂಡಾಗಿ ಸಿಗುತ್ತದೆ, ಇದಕ್ಕಿಂತ ಮಟ್ಟಸವಾದ ಮೇಜು ಈ ಬೆಲೆಗೆ ಇಲ್ಲ. ವ್ಯಾಕ್ಯೂಮ್ ಚೀಲ ಬಳಸುವವರು 7-8 ಇಂಚು ಪಾದರಸಕ್ಕೆ ನಿಲ್ಲಿಸಲಿ, ಜಾಸ್ತಿಯಾದರೆ ತಿರುಳು ಹಿಸುಕಿಹೋಗುತ್ತದೆ. ಮಳೆಗಾಲದಲ್ಲಿ ಈ ಕೆಲಸ ಬೇಡ. ತೇವ ಕುಡಿದ ಬಾಲ್ಸಾ ಬೇಸಿಗೆಯಲ್ಲಿ ಒಣಗಿದಾಗ ನೇರ ಇದ್ದ ರೆಕ್ಕೆ ತಿರುಚಿಕೊಳ್ಳುತ್ತದೆ.

ಸರ್ವೋ (ಏಲೆರಾನ್ ಆಡಿಸುವ ಪುಟ್ಟ ಮೋಟಾರು), ಏಲೆರಾನ್ (ವಿಮಾನವನ್ನು ಉರುಳಿಸುವ ಹಿಂಅಂಚಿನ ಪಟ್ಟಿ), ಫಿಲ್ಮ್ (ಇಸ್ತ್ರಿಯಿಂದ ಅಂಟಿಸುವ ಪ್ಲಾಸ್ಟಿಕ್ ಹೊದಿಕೆ) ಎಲ್ಲ ಸೇರಿ ಪ್ಯಾನೆಲ್ 410 ಗ್ರಾಂ ಆಸುಪಾಸು ಬರಬೇಕು. ಫಿಲ್ಮ್ ಹಾಕಿದ ಮೇಲೆ ಡಿಜಿಟಲ್ ಕೋನಮಾಪಕದಲ್ಲಿ ಬುಡ, ನಡು, ತುದಿ ಮೂರು ಕಡೆ ನೋಡುತ್ತೇನೆ. 0.2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವಿರುದ್ಧ ದಿಕ್ಕಿಗೆ ತಿರುಚಿ ಹಿಡಿದು ಇಸ್ತ್ರಿ ಆಡಿಸಬೇಕು. 220 ಮಿಮೀ ತುದಿಯಲ್ಲಿ 0.2 ಡಿಗ್ರಿ ಎಂದರೆ ಮುಕ್ಕಾಲು ಮಿಮೀ, ಕಣ್ಣಿಗೆ ಕಾಣುವುದಿಲ್ಲ.

ಏಲೆರಾನ್ ಕಾರ್ಡಿನ ಕಾಲುಭಾಗ. ಹಿಂಅಂಚನ್ನು ಬ್ಲೇಡಿನಂತೆ ಚೂಪು ಮಾಡದೆ 2-3 ಮಿಮೀ ಚೌಕವಾಗಿ ಬಿಟ್ಟರೆ ಟ್ರಾನ್ಸ್‌ಮಿಟರ್ ಕಡ್ಡಿಯ ನಡುಬಿಂದುವಿನಲ್ಲಿ ವಿಮಾನ ಅಲ್ಲಾಡದೆ ನಿಲ್ಲುತ್ತದೆ. ಹಿಂಜ್ ಸಂದಿಯನ್ನು ತೆಳು ಪಾರದರ್ಶಕ ಟೇಪಿನಿಂದ ಉದ್ದಕ್ಕೂ ಮುಚ್ಚಲೇಬೇಕು. ಟೇಪ್ ಅಂಟಿಸುವಾಗ ಏಲೆರಾನ್ ಪೂರ್ತಿ ಬಾಗಿರಲಿ, ಇಲ್ಲದಿದ್ದರೆ ಆಮೇಲೆ ಎಳೆತ (ಅದು ಬಾಗುವ ಕೋನ) ಸಿಗುವುದಿಲ್ಲ. ಹಿಂಅಂಚನ್ನು ಬೆರಳಲ್ಲಿ ಅಲ್ಲಾಡಿಸಿದಾಗ ಅರ್ಧ ಮಿಮೀಗಿಂತ ಹೆಚ್ಚು ಸಡಿಲ ಇದ್ದರೆ ಹಾರಿಸಬೇಡಿ, ಮೊದಲು ಬಾಲ್ ಲಿಂಕ್ (ಸರ್ವೋಗೆ ಜೋಡಿಸುವ ಕೀಲು) ಬದಲಾಯಿಸಿ.

ಗುರುತ್ವಕೇಂದ್ರ ಬುಡದ ಮುಂಅಂಚಿನಿಂದ 159 ಮಿಮೀ ಹಿಂದೆ, ಅಂದರೆ ಸರಾಸರಿ ಕಾರ್ಡಿನ 27%. ಇದು ಶುರುವಿಗೆ. ಬ್ಯಾಟರಿ ಸರಿಸುತ್ತ 3 ಮಿಮೀ, 3 ಮಿಮೀ ಹಿಂದಕ್ಕೆ ಹೋಗುತ್ತೇನೆ. 45 ಡಿಗ್ರಿ ಏರುವಾಗ ಮಗುಚಿ ಕಡ್ಡಿ ಬಿಟ್ಟರೆ ವಿಮಾನ ಕೆಲವು ಸೆಕೆಂಡ್ ಗೆರೆ ಹಿಡಿದು ಆಮೇಲೆ ನಿಧಾನಕ್ಕೆ ಮೂತಿ ಇಳಿಸಬೇಕು. ತಕ್ಷಣ ಇಳಿಸಿದರೆ ಮೂತಿ ಭಾರ, ಮೇಲಕ್ಕೇ ಹೋದರೆ ಬಾಲ ಭಾರ.

ಅಡ್ಡ ಸಮತೋಲದ ಪರೀಕ್ಷೆಯಲ್ಲಿ ಬಹಳ ಜನ ಎಡವುತ್ತಾರೆ. ಎಡ ರೆಕ್ಕೆ 15 ಗ್ರಾಂ ಭಾರ ಎಂದುಕೊಳ್ಳಿ. ನೆಟ್ಟಗೆ ಹಾರುವಾಗ ಅದನ್ನು ಬಲಕ್ಕೆ ಏಲೆರಾನ್ ಟ್ರಿಮ್ (ಕಾಯಂ ಸಣ್ಣ ಬಾಗು) ಕೊಟ್ಟು ಸರಿಮಾಡುತ್ತೀರಿ. ಮಗುಚಿದಾಗ ಆ ಟ್ರಿಮ್ ವಿಮಾನವನ್ನು ಅದರದೇ ಬಲಕ್ಕೆ ಉರುಳಿಸುತ್ತಲೇ ಇರುತ್ತದೆ, ಎಡ ರೆಕ್ಕೆ ನೆಲದ ಕಡೆಗೆ ಹೋಗುತ್ತದೆ. ತೂಕವೂ ಈಗ ಅದೇ ರೆಕ್ಕೆಯನ್ನು ನೆಲಕ್ಕೆ ಜಗ್ಗುತ್ತದೆ. ಎರಡೂ ಕೂಡಿಕೊಂಡು ದೋಷ ಇಮ್ಮಡಿಯಾಗಿ ಕಾಣುತ್ತದೆ. ದೋಷ ತೂಕದ್ದಲ್ಲ, ತಿರುಚಿನದು ಆಗಿದ್ದರೆ, ಅದೂ ಟ್ರಿಮ್ಮೂ ಎರಡೂ ಗಾಳಿಯಿಂದಲೇ ಬರುವ ಬಲಗಳಾದ್ದರಿಂದ ಮಗುಚಿದರೂ ಒಂದನ್ನೊಂದು ಕಳೆದುಕೊಂಡು ವಿಮಾನ ಮಟ್ಟಸವಾಗಿಯೇ ಹಾರುತ್ತದೆ. ಹಾಗಾಗಿ ಮಗುಚಿದಾಗ ಬೀಳುವ ರೆಕ್ಕೆಯೇ ಭಾರದ್ದು, ಎದುರು ತುದಿಗೆ 5 ಗ್ರಾಂ ಸೀಸ ಹಾಕಿ ಮತ್ತೆ ಹಾರಿಸಿ. ಇದನ್ನು ಮಾಡದೆ ಲೂಪ್ ಸೊಟ್ಟ ಎಂದು ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಮಿಕ್ಸ್ ಹುಡುಕುವವರು ದಿನಗಟ್ಟಲೆ ಬ್ಯಾಟರಿ ಸುಡುತ್ತಾರೆ.

ಏಲೆರಾನ್ ಡಿಫರೆನ್ಶಿಯಲ್, ಅಂದರೆ ಮೇಲೇಳುವ ಏಲೆರಾನ್ ಕೆಳಗಿಳಿಯುವುದಕ್ಕಿಂತ ಎಷ್ಟು ಹೆಚ್ಚು ಬಾಗಬೇಕೆಂಬುದು. ಅದನ್ನು ನೋಡಲು ವಿಮಾನವನ್ನು ನಿಮ್ಮತ್ತ ತಂದು, ಹತ್ತಿರ ಬರುವ ಮೊದಲೇ ನೇರ ಮೇಲಕ್ಕೆಳೆದು ಅರ್ಧ ರೋಲ್ ಮಾಡಿ. ಬಲಕ್ಕೆ ರೋಲ್ ಕೊಟ್ಟಾಗ ಮೂತಿ ಎಡಕ್ಕೆ ವಾಲಿದರೆ ಡಿಫರೆನ್ಶಿಯಲ್ ಹೆಚ್ಚಿಸಿ, ಬಲಕ್ಕೇ ವಾಲಿದರೆ ಕಡಿಮೆ ಮಾಡಿ. ನೈಫ್‌ಎಡ್ಜ್‌ನಲ್ಲಿ (ರೆಕ್ಕೆ ನೆಟ್ಟಗೆ ನಿಲ್ಲಿಸಿ ಹಾರುವಾಗ) ರಡ್ಡರ್ ಒತ್ತಿದ ದಿಕ್ಕಿಗೇ ವಿಮಾನ ಉರುಳಿದರೆ ಡೈಹೆಡ್ರಲ್ (ರೆಕ್ಕೆತುದಿ ಮೇಲೆದ್ದಿರುವ ಕೋನ) ಜಾಸ್ತಿ, ವಿರುದ್ಧಕ್ಕೆ ಉರುಳಿದರೆ ಕಮ್ಮಿ. 1 ಡಿಗ್ರಿ ಎಂದರೆ ತುದಿಯಲ್ಲಿ 15 ಮಿಮೀ, ರೆಕ್ಕೆ ಕೂರುವ ಟ್ಯೂಬಿನ ಸಾಕೆಟ್ ಬಿಚ್ಚಿಯೇ ಸರಿಮಾಡಬೇಕಾದ ಕೆಲಸ. ಇಲ್ಲಿ ಮಾತ್ರ 2-3% ಮಿಕ್ಸ್‌ಗೆ ನನ್ನ ತಕರಾರಿಲ್ಲ.

ಏಲೆರಾನ್ ಎಳೆತ ನಿಧಾನದ ರೋಲ್‌ಗೆ 10-12 ಡಿಗ್ರಿ, ಸ್ನ್ಯಾಪ್‌ಗೆ 18-20, ಎಕ್ಸ್‌ಪೋ (ಕಡ್ಡಿಯ ನಡುಭಾಗದಲ್ಲಿ ಪ್ರತಿಕ್ರಿಯೆ ಮೆದು ಮಾಡುವ ಹೊಂದಿಕೆ) 30%ರಿಂದ 40%. ಸ್ನ್ಯಾಪ್‌ನಲ್ಲಿ ಮೂರೂ ನಿಯಂತ್ರಣಗಳನ್ನು ಒಟ್ಟಿಗೆ ಕೊನೆಯವರೆಗೆ ತಳ್ಳಿದರೆ ಅದು ಬರೀ ಬ್ಯಾರೆಲ್ ರೋಲ್. ಮೊದಲು ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ), ಮೂತಿ ಗೆರೆ ಬಿಟ್ಟು ಸರಿದದ್ದು ಕಂಡ ಮರುಕ್ಷಣ ರಡ್ಡರ್ ಮತ್ತು ಏಲೆರಾನ್. ತಿರುಗಲು ಶುರುವಾದ ಮೇಲೆ ಎಲಿವೇಟರನ್ನು ಸ್ವಲ್ಪ ಸಡಿಲಿಸಿ, ಪೂರ್ತಿ ಹಿಡಿದೇ ಇದ್ದರೆ ವೇಗವೆಲ್ಲ ಕಳೆದು ಮುಂದಿನ ಗೆರೆ ಎಳೆಯಲು ಏನೂ ಉಳಿಯುವುದಿಲ್ಲ.